ಮನೆ ನಿಮ್ಮದು, ಬೀಗದ ಕೈ ಯಾರದು?

"ಅಣ್ಣಾ, ನಮ್ಮ ಸೈಟು ಓಪನ್ ಆಗ್ತಾ ಇಲ್ಲ."

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಕಚೇರಿಗೆ ಬಂದ ಫೋನು ಇಷ್ಟೇ ಹೇಳಿತು. ಆ ಕಡೆಯ ಹುಡುಗನ ದನಿ ನಡುಗುತ್ತಿತ್ತು. ಬೆಂಗಳೂರಿನ ಒಂದು ಹಳೆಯ ಬಡಾವಣೆಯ ಹುಡುಗರು ಅವರು. ಒಬ್ಬ ಆಟೋ ಬಿಡಿಭಾಗದ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಒಬ್ಬ ಡಿಪ್ಲೊಮಾ ಓದುತ್ತಿದ್ದವನು, ಇನ್ನೊಬ್ಬಳು ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದವಳು. ಒಂದಿಡೀ ವರ್ಷ ಭಾನುವಾರ ಬಂತೆಂದರೆ ಮೊಬೈಲು ಹಿಡಿದು ತಮ್ಮ ಬಡಾವಣೆಯ ಮನೆ ಮನೆ ಸುತ್ತಿದ್ದರು. ಬಸ್ ನಿಲ್ದಾಣ ಬರುವ ಮುಂಚೆ ಅಲ್ಲಿದ್ದ ಕೆರೆ, ಮುಚ್ಚಿಹೋದ ಗಿರಣಿ, ಹಳೆಯ ಗರಡಿ ಮನೆ, ದೊಡ್ಡ ಪರದೆಯ ಟೆಂಟ್ ಸಿನಿಮಾ, ಎಲ್ಲದರ ಬಗ್ಗೆಯೂ ಎಂಬತ್ತು ದಾಟಿದ ಅಜ್ಜ ಅಜ್ಜಿಯರನ್ನು ಮಾತಾಡಿಸಿ ಬರೆದುಕೊಂಡಿದ್ದರು. ಫೋಟೊ ತೆಗೆದಿದ್ದರು. ದನಿ ಹಿಡಿದಿದ್ದರು. ಎಲ್ಲವನ್ನೂ ಕನ್ನಡದಲ್ಲಿ ಟೈಪು ಮಾಡಿ ಒಂದು ಜಾಲತಾಣಕ್ಕೆ ಏರಿಸಿದ್ದರು.

ಜಾಲತಾಣ ಮಾಡಿಕೊಟ್ಟವನು ಪರಿಚಯದವನೇ. ಒಳ್ಳೆಯವನೇ. ದುಡ್ಡನ್ನೂ ಕಡಿಮೆ ತೆಗೆದುಕೊಂಡಿದ್ದ. ಆದರೆ ಡೊಮೈನು ಅವನ ಹೆಸರಲ್ಲಿ, ಹೋಸ್ಟಿಂಗ್ ಬಾಡಿಗೆ ಅವನ ಕಾರ್ಡಿನಲ್ಲಿ, ಪಾಸ್‌ವರ್ಡು ಅವನ ತಲೆಯಲ್ಲಿ! ಅವನು ಕೆಲಸ ಬದಲಿಸಿದ, ಊರು ಬದಲಿಸಿದ, ನಂಬರು ಬದಲಿಸಿದ. ವರ್ಷದ ಬಾಡಿಗೆ ಕಟ್ಟುವ ದಿನ ಬಂದು ಹೋಯಿತು. ನೆನಪಿನ ಓಲೆಗಳೆಲ್ಲ ಅವನು ನೋಡುವುದನ್ನೇ ಬಿಟ್ಟಿದ್ದ ಈಮೇಲಿಗೆ ಹೋದವು. ಸರ್ವರಿನವರು ಕಾದರು, ಆಮೇಲೆ ಅಳಿಸಿದರು. ಅಷ್ಟೇ.

ಕಳ್ಳತನ ಆಗಲಿಲ್ಲ. ಯಾರೂ ಹ್ಯಾಕ್ ಮಾಡಲಿಲ್ಲ. ಯಾವ ಸರ್ಕಾರವೂ ಮುಚ್ಚಿಸಲಿಲ್ಲ. ಒಂದು ಬಿಲ್ಲು ಕಟ್ಟದೇ ಹೋದದ್ದಕ್ಕೆ ಒಂದು ಬಡಾವಣೆಯ ನೆನಪು ಹೋಯಿತು. ಮೊಬೈಲಿನಲ್ಲಿದ್ದ ಮೂಲವನ್ನು "ಹೇಗೂ ಸೈಟಿನಲ್ಲಿದೆಯಲ್ಲ" ಎಂದು ಜಾಗ ಖಾಲಿ ಮಾಡಲು ಅಳಿಸಿಬಿಟ್ಟಿದ್ದರು. ಮಾತಾಡಿದ ಅಜ್ಜಿಯರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೆ ಹೋಗಿ ಕೇಳೋಣ ಎಂದರೆ ಯಾರನ್ನು ಕೇಳುವುದು?

ತಪ್ಪು ನಮ್ಮದೂ ಹೌದು. ಆ ಹುಡುಗರ ಕೆಲಸವನ್ನು ಹೊಗಳಿ ಬರೆದವರು ನಾವೇ. "ಎಲ್ಲರೂ ನೋಡಿ" ಎಂದು ವಿಳಾಸ ಅಚ್ಚು ಹಾಕಿದವರು ನಾವೇ. ಆದರೆ "ತಮ್ಮಾ, ಇದರ ಇನ್ನೊಂದು ಪ್ರತಿ ಎಲ್ಲಿದೆ? ಬೀಗದ ಕೈ ಯಾರ ಹತ್ತಿರ ಇದೆ?" ಎಂಬ ಒಂದು ಮಾತು ನಾವು ಕೇಳಲಿಲ್ಲ. ಆ ಒಂದು ಪ್ರಶ್ನೆಯನ್ನು ಇವತ್ತು ಇಡೀ ನಾಡಿನ ಹುಡುಗರಿಗೆ ಕೇಳುತ್ತಿದ್ದೇವೆ. ತಡವಾಗಿ ಕೇಳುತ್ತಿದ್ದೇವೆ. ಆದರೂ ಕೇಳುತ್ತಿದ್ದೇವೆ.

ಮೋಡವಲ್ಲ, ಪೆಟ್ಟಿಗೆ!

ಮೊದಲು ಒಂದು ಭ್ರಮೆ ಕಳಚಬೇಕು. "ಕ್ಲೌಡಿನಲ್ಲಿದೆ ಸಾರ್" ಅನ್ನುತ್ತಾರೆ. ಯಾವ ಮೋಡ? ಆಕಾಶದಲ್ಲಿ ಏನೂ ಇಲ್ಲ. ನಿಮ್ಮ ಜಾಲತಾಣ ಇರುವುದು ನೆಲದ ಮೇಲೆ, ಒಂದು ಕಟ್ಟಡದಲ್ಲಿ, ಒಂದು ಕಬ್ಬಿಣದ ಕಪಾಟಿನಲ್ಲಿ ಜೋಡಿಸಿದ ಒಂದು ಕಂಪ್ಯೂಟರಿನ ಡಿಸ್ಕಿನಲ್ಲಿ. ಅದಕ್ಕೆ ಕರೆಂಟು ಬೇಕು, ತಂಪು ಬೇಕು, ಹಗಲೂ ರಾತ್ರಿ ಆರದ ನೆಟ್ ಸಂಪರ್ಕ ಬೇಕು. ಅದನ್ನು ನೋಡಿಕೊಳ್ಳುವವರಿಗೆ ಸಂಬಳ ಬೇಕು. ಅದಕ್ಕೇ ಬಾಡಿಗೆ.

ಜಗತ್ತಿನ ಮೊದಲ ವೆಬ್ ಸರ್ವರು ಯಾವುದು ಗೊತ್ತೇ? ಜಿನೀವಾದ ಬಳಿಯ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ತಂತ್ರಜ್ಞನ ಮೇಜಿನ ಮೇಲಿದ್ದ ಒಂದು ಕಪ್ಪು ನೆಕ್ಸ್ಟ್ ಕಂಪ್ಯೂಟರು. ಹೊರಗಿನ ಜಗತ್ತಿಗೆ ಅದು ತಿಳಿದದ್ದು 1991ರಲ್ಲಿ. ಯಾರಾದರೂ ಗೊತ್ತಿಲ್ಲದೆ ಸ್ವಿಚ್ಚು ಆರಿಸಿಬಿಟ್ಟಾರು ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಕೈಯಾರೆ ಬರೆದ ಚೀಟಿ ಅಂಟಿಸಿದ್ದರು: ಇದು ಸರ್ವರು, ಆರಿಸಬೇಡಿ ಎಂದು. ಆವತ್ತು ಆ ಸ್ವಿಚ್ಚು ಆರಿದ್ದರೆ ಇಡೀ ವೆಬ್ಬೇ ಆರುತ್ತಿತ್ತು!

ಇವತ್ತೂ ತತ್ವ ಅದೇ. ಸ್ವಿಚ್ಚು ಆರಿದರೆ ಸೈಟು ಆರುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಐದು ಅಂತಸ್ತಿನ ಒಂದು ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ ಕಟ್ಟಡದ ಒಂದು ಭಾಗವೂ ಹೋಯಿತು. ಲಕ್ಷಾಂತರ ಜಾಲತಾಣಗಳು ಬೆಳಗಾಗುವಷ್ಟರಲ್ಲಿ ಮಾಯ. ಬೇರೆ ಊರಲ್ಲಿ ಪ್ರತಿ ಇಟ್ಟುಕೊಂಡಿದ್ದವರು ಕೆಲವು ದಿನದಲ್ಲಿ ಎದ್ದು ನಿಂತರು. ಇಟ್ಟುಕೊಳ್ಳದವರು ಅತ್ತರು. ದೊಡ್ಡ ಕಂಪನಿ ಎಂಬ ಹೆಸರು ಬೆಂಕಿಗೆ ಗೊತ್ತಾಗುವುದಿಲ್ಲ.

ಸಾಗಿಸುವ ಗಾಡಿ ಕಟ್ಟಿದವನು ನಮ್ಮವನೇ

ನಿಮ್ಮ ಕಂಪ್ಯೂಟರಿನಲ್ಲಿರುವ ಫೈಲನ್ನು ಆ ದೂರದ ಪೆಟ್ಟಿಗೆಗೆ ಸಾಗಿಸುವುದಕ್ಕೆ ಒಂದು ಗಾಡಿ ಬೇಕಲ್ಲ? ಆ ಗಾಡಿಯ ಹೆಸರು ಎಫ್‌ಟಿಪಿ. ಫೈಲು ಸಾಗಣೆಯ ಒಪ್ಪಂದದ ನಿಯಮಗಳು ಎಂದರ್ಥ. ವೆಬ್ಬು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ, 1971ರ ಏಪ್ರಿಲ್ 16ರಂದು ಇದರ ಮೊದಲ ಕರಡು ಹೊರಬಂತು. ಬರೆದವನು ಯಾರು? ಅಭಯ್ ಭೂಷಣ್. ಅಲಹಾಬಾದಿನ ಹುಡುಗ, ಕಾನ್ಪುರ ಐಐಟಿಯ ಮೊಟ್ಟಮೊದಲ ತಂಡದ ವಿದ್ಯಾರ್ಥಿ. ಆಗ ಅಮೆರಿಕದ ಎಂಐಟಿಯಲ್ಲಿದ್ದ. ಸಿಲಿಕಾನ್ ಸಿಟಿ ಎಂದು ಎದೆ ತಟ್ಟಿಕೊಳ್ಳುವ ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಸಿನಿಮಾ ನಟನ ಹುಟ್ಟುಹಬ್ಬ ಗೊತ್ತು, ಕ್ರಿಕೆಟಿಗನ ಕಾರಿನ ನಂಬರು ಗೊತ್ತು. ಐವತ್ತು ವರ್ಷ ಜಗತ್ತು ಹತ್ತಿದ ಗಾಡಿಯನ್ನು ಕಟ್ಟಿದವನ ಹೆಸರು ಗೊತ್ತಿಲ್ಲ.

ಎಫ್‌ಟಿಪಿ ಬೆಳೆಯಿತು, 1985ರಲ್ಲಿ ಇವತ್ತಿನ ರೂಪಕ್ಕೆ ಬಂತು. ಆದರೆ ಅದರಲ್ಲಿ ಹುಟ್ಟಿನಿಂದಲೇ ಒಂದು ದೋಷ ಇತ್ತು. 1971ರಲ್ಲಿ ಜಾಲದಲ್ಲಿದ್ದದ್ದು ಕೆಲವೇ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಕಂಪ್ಯೂಟರುಗಳು. ಎಲ್ಲರಿಗೂ ಎಲ್ಲರೂ ಗೊತ್ತು. ಹಳ್ಳಿಯಲ್ಲಿ ಬಾಗಿಲಿಗೆ ಬೀಗ ಹಾಕದೆ ಹೊಲಕ್ಕೆ ಹೋಗುವ ಕಾಲ ಅದು. ಹಾಗಾಗಿ ಎಫ್‌ಟಿಪಿಯಲ್ಲಿ ನಿಮ್ಮ ಹೆಸರು, ಪಾಸ್‌ವರ್ಡು ಎರಡೂ ಮುಚ್ಚುಮರೆ ಇಲ್ಲದೆ, ಪೋಸ್ಟ್ ಕಾರ್ಡಿನ ಮೇಲೆ ಬರೆದಂತೆ ಹೋಗುತ್ತವೆ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲಕ್ಕೆ ಯಾರೋ ಕಿವಿ ಹಚ್ಚಿ ಪಾಸ್‌ವರ್ಡುಗಳನ್ನು ಕದ್ದರು. ಅಲ್ಲಿದ್ದ ತಾತು ಯಲೊನೆನ್ ಎಂಬ ಯುವಕ ಸಿಟ್ಟಿಗೆದ್ದ. ಸಿಟ್ಟಿಗೆದ್ದು ಗೋಡೆಗೆ ಪೋಸ್ಟರು ಅಂಟಿಸಲಿಲ್ಲ, ಕೂತು ಎಸ್‌ಎಸ್‌ಎಚ್ ಎಂಬ ಹೊಸ ಸಾಧನ ಬರೆದ. ಎಲ್ಲವನ್ನೂ ಗೂಢಲಿಪಿಯಲ್ಲಿ ಸುತ್ತಿ ಕಳಿಸುವ ಸಾಧನ. ಎಫ್‌ಟಿಪಿಯ ಬಾಗಿಲ ಸಂಖ್ಯೆ 21, ಟೆಲ್ನೆಟ್ಟಿನದು 23, ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದ. ಅದೇ ದಾರಿಯಲ್ಲಿ ಫೈಲು ಸಾಗಿಸುವುದಕ್ಕೆ ಎಸ್‌ಎಫ್‌ಟಿಪಿ ಎನ್ನುತ್ತಾರೆ. ಬ್ರೌಸರುಗಳೂ ಹಳೆಯ ಎಫ್‌ಟಿಪಿಗೆ ಕೈ ಮುಗಿದಿವೆ. ಫೈರ್‌ಫಾಕ್ಸ್ 2021ರ ಜುಲೈನಲ್ಲಿ, ಕ್ರೋಮ್ ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ಕಿತ್ತು ಹಾಕಿದವು.

ಆದರೂ ನಮ್ಮೂರಿನ ಎಷ್ಟೋ ಕಚೇರಿಗಳಲ್ಲಿ ಇವತ್ತಿಗೂ 21ನೇ ಬಾಗಿಲಿನಲ್ಲೇ ಓಡಾಟ! ಕಾಫಿ ಅಂಗಡಿಯ ಪುಕ್ಕಟೆ ವೈಫೈನಲ್ಲಿ ಕೂತು, ಇಡೀ ಸಂಘದ ಜಾಲತಾಣದ ಪಾಸ್‌ವರ್ಡನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸುವುದು! ನಾಳೆ ಸೈಟಿನ ಮುಖಪುಟದಲ್ಲಿ ಜೂಜಿನ ಜಾಹೀರಾತು ಕಾಣಿಸಿಕೊಂಡಾಗ "ಯಾರೋ ಹ್ಯಾಕ್ ಮಾಡಿದರು" ಎಂದು ಬೊಬ್ಬೆ ಹೊಡೆಯುವುದು. ಹುಡುಗರೇ, ಬಾಗಿಲು ತೆರೆದಿಟ್ಟವರು ನೀವೇ. ಫೈಲ್‌ಜಿಲ್ಲಾ ಎಂಬ ಪುಕ್ಕಟೆ ತಂತ್ರಾಂಶ 2001ರಿಂದ ಇದೆ. ಅದರಲ್ಲಿ ಎಫ್‌ಟಿಪಿ ಬದಲು ಎಸ್‌ಎಫ್‌ಟಿಪಿ ಎಂದು ಆರಿಸಿ, ಬಾಗಿಲ ಸಂಖ್ಯೆ 22 ಎಂದು ಹಾಕಲು ಎಷ್ಟು ಹೊತ್ತು ಬೇಕು? ಒಂದು ಗುಟುಕು ಚಹಾದಷ್ಟು. ಕೆಲವು ಹೋಸ್ಟಿಂಗಿನವರು ಬೇರೆ ಸಂಖ್ಯೆ ಕೊಡುತ್ತಾರೆ, ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಬೇರೆಯವರನ್ನು ನೋಡಿ.

ಜಗುಲಿ ಯಾವುದು, ನಡುಮನೆ ಯಾವುದು?

ಅಪ್‌ಲೋಡು ಮಾಡುವುದು ರಾಕೆಟ್ ವಿದ್ಯೆಯಲ್ಲ. "ಅದೆಲ್ಲ ಟೆಕ್ಕಿಗಳ ಕೆಲಸ" ಎಂದು ದೂರ ನಿಂತಿದ್ದಕ್ಕೇ ಬೀಗದ ಕೈ ಇನ್ನೊಬ್ಬರ ಜೇಬಿಗೆ ಹೋದದ್ದು. ಆದ್ದರಿಂದ ಸಂಪಾದಕೀಯದಲ್ಲಿ ಪಾಠ ಮಾಡುತ್ತಾರೆಯೇ ಎಂದು ಮೂಗು ಮುರಿಯದೆ ಓದಿ.

ಸರ್ವರಿಗೆ ಲಾಗಿನ್ ಆದರೆ ಫೋಲ್ಡರುಗಳ ಒಂದು ಸಾಲು ಕಾಣುತ್ತದೆ. ಹೆಚ್ಚಿನ ಹೋಸ್ಟಿಂಗುಗಳಲ್ಲಿ ಅದರೊಳಗೆ 'ಪಬ್ಲಿಕ್ ಎಚ್‌ಟಿಎಂಎಲ್' ಎಂಬ ಹೆಸರಿನ ಫೋಲ್ಡರು ಇರುತ್ತದೆ. ಅದು ಮನೆಯ ಜಗುಲಿ ಇದ್ದಂತೆ. ಅಲ್ಲಿಟ್ಟದ್ದು ಬೀದಿಗೆ ಕಾಣುತ್ತದೆ. ಅದರ ಹೊರಗಿಟ್ಟದ್ದು ನಡುಮನೆ, ಬೀದಿಗೆ ಕಾಣುವುದಿಲ್ಲ. ಇದನ್ನು ತಿಳಿಯದೆ ಇಬ್ಬಗೆಯ ಅನಾಹುತ ಮಾಡುತ್ತಾರೆ. ಪುಟಗಳನ್ನು ನಡುಮನೆಯಲ್ಲಿಟ್ಟು "ಅಪ್‌ಲೋಡ್ ಆಗಿದೆ, ಆದರೆ ಸೈಟು ಬರುತ್ತಿಲ್ಲ" ಎನ್ನುವವರು ಒಂದು ಬಗೆ. ಸದಸ್ಯರ ಫೋನ್ ನಂಬರಿನ ಪಟ್ಟಿ, ಪಾಸ್‌ವರ್ಡು ಬರೆದ ಫೈಲು, ಇಡೀ ಸೈಟಿನ ಜಿಪ್ ಪ್ರತಿ, ಎಲ್ಲವನ್ನೂ ಜಗುಲಿಯಲ್ಲಿ ಹರಡಿ ಮಲಗುವವರು ಇನ್ನೊಂದು ಬಗೆ. ಎರಡನೆಯವರೇ ಹೆಚ್ಚು ಅಪಾಯ.

ಇನ್ನೊಂದು. ವಿಂಡೋಸಿನಲ್ಲಿ ದೊಡ್ಡಕ್ಷರದ ಹೆಸರೂ ಚಿಕ್ಕಕ್ಷರದ ಹೆಸರೂ ಒಂದೇ. ಆದರೆ ಹೆಚ್ಚಿನ ಸರ್ವರುಗಳು ಓಡುವುದು ಲೈನಕ್ಸಿನ ಮೇಲೆ. ಅಲ್ಲಿ ಅವು ಬೇರೆ ಬೇರೆ. 'ಇಂಡೆಕ್ಸ್' ಎಂಬುದರ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೆ ಸರ್ವರಿಗೆ ಅದು ಮುಖಪುಟ ಎಂದು ಗೊತ್ತೇ ಆಗುವುದಿಲ್ಲ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಫೋಟೊ ಸೈಟಿನಲ್ಲಿ ಕಾಣದಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ ಎಂಬುದು ನಮ್ಮ ಅನುಭವ. ಎಲ್ಲ ಹೆಸರನ್ನೂ ಚಿಕ್ಕಕ್ಷರದಲ್ಲಿ, ನಡುವೆ ಖಾಲಿ ಜಾಗ ಬಿಡದೆ ಇಡಿ. ಪೀಡೆ ತಪ್ಪುತ್ತದೆ.

ಸಂಪರ್ಕ ಸಿಕ್ಕಿದೆ, ಆದರೆ ಫೋಲ್ಡರಿನ ಪಟ್ಟಿ ಬರದೆ ನಿಂತುಬಿಟ್ಟಿದೆಯೇ? ಅದು ಎಫ್‌ಟಿಪಿಯ ಹಳೆಯ ಚಾಳಿ. ಅದಕ್ಕೆ ಮಾತಿಗೊಂದು ತಂತಿ, ಸಾಮಾನಿಗೊಂದು ತಂತಿ. ಎರಡನೆಯ ತಂತಿಯನ್ನು ನಡುವಿನ ಫೈರ್‌ವಾಲು ತಡೆಯುತ್ತದೆ. ಪ್ಯಾಸಿವ್ ಎಂಬ ಆಯ್ಕೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಸ್‌ಎಫ್‌ಟಿಪಿಯಲ್ಲಿ ಒಂದೇ ತಂತಿ, ಈ ರಗಳೆಯೇ ಇಲ್ಲ. ಫೋಟೊಗಳು ಹರಿದು ಕಾಣುತ್ತಿವೆಯೇ? ಎಫ್‌ಟಿಪಿ ಅವನ್ನು ಅಕ್ಷರದ ಫೈಲೆಂದು ತಿಳಿದು ಸಾಲಿನ ಕೊನೆಗಳನ್ನು ತಿದ್ದಿಬಿಟ್ಟಿದೆ. ಬೈನರಿ ಎಂದು ಹಾಕಿ ಮತ್ತೆ ಕಳಿಸಿ. ಸಾವಿರ ಸಣ್ಣ ಫೈಲಿದ್ದರೆ ಒಂದೊಂದಾಗಿ ಕಳಿಸಬೇಡಿ, ಜಿಪ್ ಮಾಡಿ ಒಂದೇ ಸಲ ಕಳಿಸಿ ಅಲ್ಲಿ ಬಿಚ್ಚಿ, ಬಿಚ್ಚಿದ ಮೇಲೆ ಜಿಪ್ಪನ್ನು ಅಳಿಸಿ.

ಕೊನೆಗೆ ಅನುಮತಿ ಸಂಖ್ಯೆ. ಫೈಲಿಗೆ 644, ಫೋಲ್ಡರಿಗೆ 755. ಒಡೆಯ ಬರೆಯಬಹುದು, ಉಳಿದವರು ಓದಬಹುದು ಎಂಬುದು ಇದರ ಅರ್ಥ. ಏನಾದರೂ ಕೆಲಸ ಮಾಡದಿದ್ದ ಕೂಡಲೇ "777 ಕೊಟ್ಟುಬಿಡು" ಎನ್ನುವ ಬೃಹಸ್ಪತಿಗಳು ಎಲ್ಲೆಲ್ಲೂ ಇದ್ದಾರೆ. 777 ಎಂದರೆ ಆ ಯಂತ್ರದಲ್ಲಿರುವ ಯಾರು ಬೇಕಾದರೂ ಬಂದು ಬರೆಯಬಹುದು ಎಂದರ್ಥ. ಒಂದೇ ಸರ್ವರಿನಲ್ಲಿ ನಿಮ್ಮ ಜೊತೆ ನೂರಾರು ಬಾಡಿಗೆದಾರರು ಇರುತ್ತಾರೆ ಎಂಬುದು ನೆನಪಿರಲಿ. ವಠಾರದಲ್ಲಿ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದಂತೆ.

ಕನ್ನಡದ ಫೈಲಿಗೆ ಕನ್ನಡದ್ದೇ ಕಷ್ಟ

ಇಷ್ಟು ಎಲ್ಲ ಭಾಷೆಯವರಿಗೂ ಇರುವ ಕಷ್ಟ. ಕನ್ನಡದ ಹುಡುಗರಿಗೆ ಇನ್ನೂ ಒಂದು ಇದೆ.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಕೊಟ್ಟಿತು. ಆದರೆ ಆ ಬೀದಿಗೆ ನಾವು ವಾಸಕ್ಕೆ ಹೋಗುವಷ್ಟರಲ್ಲಿ ಬಹಳ ವರ್ಷ ಕಳೆಯಿತು. ವಿಂಡೋಸಿನ ಜೊತೆಗೇ 'ತುಂಗಾ' ಎಂಬ ಕನ್ನಡ ಫಾಂಟು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೂ ಮೊದಲು ನಮ್ಮವರು ಸುಮ್ಮನೆ ಕೂತಿರಲಿಲ್ಲ. ಡಾ. ಯು.ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲೇ ಜಾಲಕ್ಕೆ ಏರಿತ್ತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ಟು ಸಿಕ್ಕಿದ್ದೇ 1995ರ ಆಗಸ್ಟ್ 15ರಂದು ಎಂಬುದನ್ನು ನೆನೆದರೆ, ಕನ್ನಡ ಎಷ್ಟು ಬೇಗ ಆ ಬಸ್ಸು ಹತ್ತಿತು ನೋಡಿ! 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು.

ಆದರೆ ಆ ಕಾಲದ ಫೈಲುಗಳಲ್ಲಿ ಇದ್ದದ್ದು ಕನ್ನಡದ ಅಕ್ಷರಗಳಲ್ಲ. ಒಳಗೆ ಇಂಗ್ಲಿಷಿನವು, ಚಿಹ್ನೆಗಳು. ಅವುಗಳಿಗೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟು. ನೋಡುವವನ ಕಂಪ್ಯೂಟರಿನಲ್ಲಿ ಅದೇ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಾಗೆ ಕಾಲು ಗುಬ್ಬಿ ಕಾಲು. ಹುಡುಕಿದರೆ ಸಿಗುತ್ತಿರಲಿಲ್ಲ. ಹಾಗೆ ಟೈಪು ಮಾಡಿದ ಸ್ಮರಣ ಸಂಚಿಕೆಗಳು, ಭಾಷಣಗಳು, ಕಥೆಗಳು ಇಂದಿಗೂ ಎಷ್ಟೋ ಹಳೆಯ ಸಿಡಿಗಳಲ್ಲಿ ಕೊಳೆಯುತ್ತಿವೆ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ. ನಿಮ್ಮ ಅಪ್ಪನ, ಚಿಕ್ಕಪ್ಪನ ಬೀರುವಿನಲ್ಲಿ ಅಂಥ ಸಿಡಿ ಇದ್ದರೆ ಈ ಭಾನುವಾರವೇ ತೆಗೆಯಿರಿ. ಸಿಡಿಗೂ ಆಯಸ್ಸು ಇದೆ.

ಇವತ್ತು ಜಾಲದಲ್ಲಿ ಕನ್ನಡ ಸಾಗುವುದು ಯುಟಿಎಫ್-8 ಎಂಬ ಕ್ರಮದಲ್ಲಿ. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರ ಕೂಡಿಸುವ ಚಿಹ್ನೆಯೂ ಸೇರಿ ಐದು, ಅಂದರೆ 15 ಬೈಟು. ಈ ಮೂರು ಮೂರು ಬೈಟುಗಳ ಗಂಟು ಎಲ್ಲಿಯೂ ಬಿಚ್ಚಬಾರದು. ಫೈಲನ್ನು ಯುಟಿಎಫ್-8 ಎಂದು ಉಳಿಸಬೇಕು, ಪುಟದ ತಲೆಯಲ್ಲಿ ಹಾಗೆಂದು ಹೇಳಬೇಕು, ಸರ್ವರೂ ಅದನ್ನೇ ಹೇಳಬೇಕು, ಡೇಟಾಬೇಸಿನಲ್ಲೂ ಅದೇ ಇರಬೇಕು. ನಾಲ್ವರಲ್ಲಿ ಒಬ್ಬ ಸುಳ್ಳು ಹೇಳಿದರೂ ಕನ್ನಡ ಕೆಡುತ್ತದೆ.

ಕೆಟ್ಟದ್ದರಲ್ಲೂ ಎರಡು ಬಗೆ ಇದೆ, ಗುರುತು ಹಿಡಿಯಿರಿ. ಕನ್ನಡ ಇದ್ದ ಕಡೆ ತಲೆಯ ಮೇಲೆ ಗೀಟು ಹೊತ್ತ ವಿಚಿತ್ರ ರೋಮನ್ ಅಕ್ಷರಗಳ ಸಾಲು ಕಂಡರೆ ಗಾಬರಿ ಬೇಡ. ಹೆಚ್ಚಾಗಿ ಬೈಟುಗಳು ಒಳಗೆ ಭದ್ರವಾಗಿವೆ, ಮೇಲಿನ ಚೀಟಿ ಮಾತ್ರ ತಪ್ಪು. ಚೀಟಿ ತಿದ್ದಿದರೆ ಕನ್ನಡ ಮರಳುತ್ತದೆ. ಆದರೆ ಡೇಟಾಬೇಸಿನ ಒಳಗೇ ಅಕ್ಷರದ ಬದಲು ಬರೀ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ? ಕನ್ನಡ ತಿಳಿಯದ ಡೇಟಾಬೇಸು ಒಂದೊಂದು ಅಕ್ಷರವನ್ನೂ ಎಸೆದು ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟಿದೆ. ಅದು ವಾಪಸ್ಸು ಬರುವುದಿಲ್ಲ. ಮೂಲ ಪ್ರತಿ ಇದ್ದರೆ ಮಾತ್ರ ಬದುಕು. ಅದಕ್ಕೇ ಹೇಳುವುದು, ಸೈಟು ಏರಿಸಿದ ದಿನವೇ ಮೊದಲ ಪುಟದ ಮೂರು ಸಾಲು ಓದಿ ನೋಡಿ, ಆಮೇಲೆ ಉಳಿದದ್ದನ್ನು ಏರಿಸಿ.

ಫೈಲಿನ ಹೆಸರನ್ನೂ ಕನ್ನಡದಲ್ಲಿ ಇಡಬಹುದೇ ಎಂದು ಹುಡುಗರು ಕೇಳುತ್ತಾರೆ. ಆಸೆ ಒಳ್ಳೆಯದೇ. ಎಫ್‌ಟಿಪಿ ಹುಟ್ಟಿದ್ದು ಇಂಗ್ಲಿಷ್ ಹೆಸರುಗಳಿಗಾಗಿ. ಬೇರೆ ಲಿಪಿಯ ಹೆಸರಿಗೆ ಅದರಲ್ಲಿ ಜಾಗ ಮಾಡಿದ್ದು 1999ರಲ್ಲಿ. ಹಳೆಯ ತಂತ್ರಾಂಶಗಳು, ಹಳೆಯ ಜಿಪ್ ಸಾಧನಗಳು ಇಂದಿಗೂ ಕನ್ನಡದ ಹೆಸರನ್ನು ಕುಲಗೆಡಿಸುತ್ತವೆ. ಒಳಗಿನ ಬರಹ, ಪುಟದ ತಲೆಬರಹ, ಫೋಟೊದ ವಿವರ ಎಲ್ಲ ಕನ್ನಡದಲ್ಲಿರಲಿ. ಫೈಲಿನ ಹೆಸರು ಸದ್ಯಕ್ಕೆ ರೋಮನ್ನಿನಲ್ಲಿರಲಿ. ಇದು ಸೋಲಲ್ಲ, ಸಾಮಾನು ಒಡೆಯದಂತೆ ಸಾಗಿಸುವ ಜಾಣತನ. ವಿಳಾಸದ ಮಾತು ಬೇರೆ. ಡಾಟ್ ಭಾರತ ಎಂಬ ಕೊನೆಯುಳ್ಳ ವಿಳಾಸ ಕನ್ನಡ ಲಿಪಿಯಲ್ಲೇ ಸಿಗುತ್ತದೆ.

ಇನ್ನೊಬ್ಬರ ಜಗುಲಿಯಲ್ಲಿ ಎಷ್ಟು ದಿನ?

"ಇಷ್ಟೆಲ್ಲ ತಲೆನೋವು ಯಾಕೆ ಸಾರ್? ಫೇಸ್‌ಬುಕ್ಕಿನಲ್ಲಿ ಹಾಕಿದರೆ ಆಯಿತು, ಇನ್‌ಸ್ಟಾದಲ್ಲಿ ಹಾಕಿದರೆ ಆಯಿತು." ಈ ಮಾತು ನಾವು ದಿನಾ ಕೇಳುತ್ತೇವೆ.

ಹಾಕಿ. ಬೇಡ ಅನ್ನುವುದಿಲ್ಲ. ಜನ ಇರುವ ಕಡೆ ಹೋಗಿ ಕೂಗುವುದು ಚಳವಳಿಯ ಮೊದಲ ಪಾಠ. ಆದರೆ ಸಂತೆಯಲ್ಲಿ ಕೂಗಿದ್ದು ಸಂಜೆಗೆ ಮುಗಿಯುತ್ತದೆ. ಸಂತೆಯೇ ಎದ್ದುಹೋದರೆ?

ಜಿಯೋಸಿಟೀಸ್ ಎಂಬ ಹೆಸರು ಇವತ್ತಿನ ಹುಡುಗರಿಗೆ ಗೊತ್ತಿಲ್ಲ. 1994ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ಸ್ವಂತ ಪುಟ ಕಟ್ಟಬಹುದಿತ್ತು. ಬೀದಿ ಬೀದಿಗೆ ಹೆಸರಿಟ್ಟು, ಮನೆ ನಂಬರು ಕೊಟ್ಟು ಜಾಗ ಹಂಚುತ್ತಿದ್ದರು. ಜಗತ್ತಿನ ಲಕ್ಷಾಂತರ ಜನ ತಮ್ಮ ಊರು, ಮದುವೆ ಫೋಟೊ, ಪದ್ಯ, ಅಡುಗೆ, ಸತ್ತ ಮಗನ ನೆನಪು ಎಲ್ಲವನ್ನೂ ಅಲ್ಲಿ ಕಟ್ಟಿಟ್ಟರು. 1999ರಲ್ಲಿ ಯಾಹೂ ಕಂಪನಿ ಅದನ್ನು 350 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಿತು. ಹತ್ತು ವರ್ಷ ಕಳೆಯಿತು. ಲಾಭ ಕಾಣಲಿಲ್ಲ. 2009ರ ಅಕ್ಟೋಬರ್ 26ರಂದು ಸ್ವಿಚ್ಚು ಆರಿಸಿತು. ಕೆಲವು ಸ್ವಯಂಸೇವಕರು ಹಗಲೂ ರಾತ್ರಿ ಕೂತು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿ ಉಳಿಸಿದರು. ಉಳಿದದ್ದು ಹೋಯಿತು. ಆ ಬೀದಿಗಳಲ್ಲಿ ಮನೆ ಕಟ್ಟಿದ್ದವರು ಯಾರೂ ಬಾಡಿಗೆ ಬಾಕಿ ಇಟ್ಟಿರಲಿಲ್ಲ. ಜಾಗ ಅವರದಾಗಿರಲಿಲ್ಲ, ಅಷ್ಟೇ.

ಇವತ್ತಿನ ಸಂತೆಗಳಿಗೂ ಇದೇ ನ್ಯಾಯ. ಇವತ್ತು ಇರುತ್ತವೆ, ನಾಳೆ ನಿಯಮ ಬದಲಿಸುತ್ತವೆ, ನಾಡಿದ್ದು ನಿಮ್ಮ ಖಾತೆಯನ್ನೇ ಮುಚ್ಚಿ "ನಮ್ಮ ಸಮುದಾಯದ ನಿಯಮ ಮೀರಿದ್ದೀರಿ" ಎಂದು ಒಂದು ಸಾಲು ಕಳಿಸುತ್ತವೆ. ಯಾರ ಹತ್ತಿರ ಹೋಗಿ ಧಿಕ್ಕಾರ ಕೂಗುತ್ತೀರಿ? ಸ್ವಂತ ಡೊಮೈನು, ಸ್ವಂತ ಫೈಲು ಇದ್ದರೆ ಒಬ್ಬ ಹೋಸ್ಟಿಂಗಿನವನು ಕೈಕೊಟ್ಟರೂ ಇನ್ನೊಬ್ಬನ ಸರ್ವರಿಗೆ ಅದೇ ಸಂಜೆ ಸಾಮಾನು ಏರಿಸಬಹುದು. ವಿಳಾಸ ಬದಲಾಗುವುದಿಲ್ಲ, ಓದುಗರಿಗೆ ಮನೆ ಬದಲಾದದ್ದೂ ಗೊತ್ತಾಗುವುದಿಲ್ಲ. ಸ್ವಾತಂತ್ರ್ಯ ಅಂದರೆ ಅದು.

ದುಡ್ಡಿಲ್ಲವೇ? ಬರೀ ಬರಹ, ಚಿತ್ರಗಳ ಸರಳ ಪುಟಗಳಿಗೆ ಗಿಟ್‌ಹಬ್ ಪೇಜಸ್‌ನಂಥ ಪುಕ್ಕಟೆ ತಾಣಗಳಿವೆ. ಬೀಗದ ಗುರುತಿನ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಮೊದಲು ವರ್ಷ ವರ್ಷ ದುಡ್ಡು ಸುರಿಯಬೇಕಿತ್ತು, 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ದುಡ್ಡು ನೆಪ, ಉದಾಸೀನವೇ ಕಾರಣ.

ಈ ವಾರವೇ ಮಾಡಿ

ಯಾವುದೇ ಕನ್ನಡ ಸಂಘ, ನಾಟಕ ತಂಡ, ಚಾರಣ ಬಳಗ, ಹಳೆ ವಿದ್ಯಾರ್ಥಿಗಳ ಕೂಟ, ಯಾರದೇ ಜಾಲತಾಣ ಇರಲಿ, ಈ ವಾರದ ಸಭೆಯಲ್ಲಿ ಚಹಾ ಬರುವ ಮುಂಚೆ ಐದು ಪ್ರಶ್ನೆ ಕೇಳಿ.

ಒಂದು: ಡೊಮೈನು ಯಾರ ಹೆಸರಲ್ಲಿದೆ? ಸೈಟು ಮಾಡಿಕೊಟ್ಟವನ ಹೆಸರಲ್ಲಿದ್ದರೆ ಇಂದೇ ಸಂಘದ ಹೆಸರಿಗೆ, ಸಂಘದ ಈಮೇಲಿಗೆ ಬದಲಿಸಿಕೊಳ್ಳಿ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಡಾಟ್ ಕಾಮ್ ಹೆಸರು ಕೈತಪ್ಪಿ ಅಳಿಸಿದ ಮೇಲೂ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಅದೂ ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು.

ಎರಡು: ಹೋಸ್ಟಿಂಗಿನ ಪಾಸ್‌ವರ್ಡು ಎಷ್ಟು ಜನಕ್ಕೆ ಗೊತ್ತು? ಒಬ್ಬನಿಗೇ ಗೊತ್ತಿದ್ದರೆ ಅಪಾಯ. ಇಪ್ಪತ್ತು ಜನಕ್ಕೆ ಗೊತ್ತಿದ್ದರೂ ಅಪಾಯ. ನಂಬಿಕಸ್ಥರು ಇಬ್ಬರಿಗೆ ಇರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದಂತೂ ಬೇಡವೇ ಬೇಡ. ಒಬ್ಬ ತಂಡ ಬಿಟ್ಟ ದಿನವೇ ಬದಲಿಸಿ.

ಮೂರು: ಫೈಲು ಏರಿಸುವುದು ಯಾವ ದಾರಿಯಲ್ಲಿ? ಎಸ್‌ಎಫ್‌ಟಿಪಿಯೇ ಇರಲಿ.

ನಾಲ್ಕು: ಪ್ರತಿ ಎಲ್ಲಿದೆ? ವರ್ಡ್‌ಪ್ರೆಸ್ಸಿನಲ್ಲಿ ಸೈಟು ಮಾಡಿದವರು ಇದನ್ನು ಎರಡು ಸಲ ಓದಿ. ಫೋಲ್ಡರನ್ನು ಪೂರ್ತಿ ಇಳಿಸಿಕೊಂಡರೆ ಪ್ರತಿ ಆಯಿತು ಎಂದುಕೊಂಡಿದ್ದರೆ ಮೋಸಹೋದಿರಿ. ಅಲ್ಲಿ ಸಿಗುವುದು ಚಿತ್ರಗಳು, ವಿನ್ಯಾಸ. ನೀವು ಬರೆದ ಬರಹಗಳೆಲ್ಲ ಇರುವುದು ಬೇರೆ ಡೇಟಾಬೇಸಿನಲ್ಲಿ. ಅದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಎರಡೂ ಸೇರಿದರೆ ಮಾತ್ರ ಸೈಟು. ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಐದು: ಆ ಪ್ರತಿ ನಿಜವಾಗಿ ಬಿಚ್ಚಿಕೊಳ್ಳುತ್ತದೆಯೇ? ವರ್ಷಕ್ಕೊಮ್ಮೆ ಬೇರೆ ಕಡೆ ಏರಿಸಿ, ಕನ್ನಡ ಸರಿಯಾಗಿ ಕಾಣುತ್ತದೆಯೇ ನೋಡಿ. ಒಮ್ಮೆಯೂ ತೆರೆದು ನೋಡದ ಪ್ರತಿಯನ್ನು ನಂಬುವುದು, ಕಾಳು ಇದೆ ಎಂದು ಮುಚ್ಚಿದ ಹಗೇವನ್ನು ನಂಬಿ ಬರಗಾಲಕ್ಕೆ ಕಾದಂತೆ.

ಬೆಂಗಳೂರಿನ ಹುಡುಗರು ಜಗತ್ತಿನ ಅರ್ಧ ಕಂಪನಿಗಳ ಸರ್ವರು ನೋಡಿಕೊಳ್ಳುತ್ತಾರೆ. ಅಮೆರಿಕದ ಬ್ಯಾಂಕಿನ ಫೈಲು ಒಂದು ಕ್ಷಣ ಕಾಣೆಯಾದರೆ ನಡುರಾತ್ರಿ ಎದ್ದು ಕೂರುತ್ತಾರೆ. ಆದರೆ ತಮ್ಮ ಬೀದಿಯ ಅಜ್ಜಿಯ ಮಾತು ಇದ್ದ ಫೈಲಿಗೆ ಎರಡನೆಯ ಪ್ರತಿ ಇಡುವುದಿಲ್ಲ. ಸಂಬಳ ಕೊಡುವವರ ಸಾಮಾನಿಗೆ ಇರುವ ಕಾಳಜಿ ಸ್ವಂತ ಮನೆಯ ಸಾಮಾನಿಗೂ ಇರಲಿ ಎಂದಷ್ಟೇ ನಾವು ಕೇಳುತ್ತಿರುವುದು. ನಿಮ್ಮ ವಿದ್ಯೆಯಲ್ಲಿ ತಿಂಗಳಿಗೆ ಒಂದು ಭಾನುವಾರವನ್ನು ನಿಮ್ಮೂರಿನ ಗ್ರಂಥಾಲಯಕ್ಕೆ, ನಿಮ್ಮ ಶಾಲೆಗೆ, ಪಕ್ಕದ ಬೀದಿಯ ಹುಡುಗರಿಗೆ ಕೊಡಿ. ಕಲಿಸಿ. ಬೀಗದ ಕೈಯನ್ನು ಅವರ ಕೈಗೇ ಕೊಟ್ಟು ಬನ್ನಿ.

ಆ ಬಡಾವಣೆಯ ಹುಡುಗರು ಸುಮ್ಮನೆ ಕೂರಲಿಲ್ಲ. ಹಳೆಯ ಚೀಟಿ, ಸ್ನೇಹಿತರಿಗೆ ಕಳಿಸಿದ್ದ ಫೋಟೊ, ಯಾರದೋ ಫೋನಿನಲ್ಲಿ ಉಳಿದಿದ್ದ ಎರಡು ದನಿ, ಹೀಗೆ ಹೆಕ್ಕಿ ಹೆಕ್ಕಿ ಮತ್ತೆ ಕಟ್ಟಿದರು. ಕಾಲು ಭಾಗ ಸಿಕ್ಕಿತು. ಈ ಸಲ ಡೊಮೈನು ಅವರ ಸಂಘದ ಹೆಸರಲ್ಲಿದೆ. ಫೈಲು ಏರಿಸಿದ್ದು ರಾತ್ರಿಪಾಳಿಯ ಆ ಹುಡುಗಿ, ಯಾರ ಸಹಾಯವೂ ಇಲ್ಲದೆ. ಪ್ರತಿ ಮೂರು ಮನೆಗಳಲ್ಲಿದೆ. ತೀರಿಕೊಂಡ ಆ ಇಬ್ಬರು ಅಜ್ಜಿಯರ ಮಾತು ಮಾತ್ರ ಸಿಗಲಿಲ್ಲ. ಅವರ ಹೆಸರಿನ ಪುಟ ಖಾಲಿ ಇಟ್ಟಿದ್ದಾರೆ.

ನಿಮ್ಮ ಸೈಟಿನಲ್ಲಿ ಅಂಥ ಖಾಲಿ ಪುಟ ಬರುವ ಮುಂಚೆ ಎದ್ದು ಹೋಗಿ, ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ಕೇಳಿ.